ಪ್ಯಾಂಟು ಸಡಿಲ, ತೂಕ ಅಷ್ಟೇ: ಟೇಪು ಹಿಡೀರಿ

ಆರು ವಾರದಿಂದ ಕಲಬುರಗಿಯ ಶರಣಬಸವೇಶ್ವರ ಕೆರೆ ಸುತ್ತ ನಡೆದ್ರೂ ಕಾಟಾ 78 ಕಿಲೋ ಬಿಟ್ಟು ಅಲುಗವಲ್ದು, ಪ್ಯಾಂಟು ಮಾತ್ರ ಸಡಿಲ ಆಗ್ಯದ ಅಂತ ಕೇಳೀರಿ. ಪ್ಯಾಂಟು ಹೇಳೋದೇ ಖರೇ.

ದರ್ಜಿ ಟೇಪು ಸಾಕು. ಹಳೇದು ಬ್ಯಾಡ, ಎಳೆದೆಳೆದು ಉದ್ದ ಆಗಿರ್ತದ. ಮುಂಜಾನೆ ಖಾಲಿ ಹೊಟ್ಟಿಲೆ ಸೊಂಟ ಅಳೀರಿ. ಕೊನೇ ಪಕ್ಕೆಲುಬು ಮತ್ತ ಸೊಂಟದ ಎಲುಬಿನ ಮೇಲ್ತುದಿ, ಇವೆರಡರ ನಟ್ಟನಡುವೆ ಟೇಪು ಬರಬೇಕು. ಹೊಕ್ಕಳ ಗುರುತು ನಂಬಬ್ಯಾಡ್ರಿ, ಹೊಟ್ಟಿ ಜೋತ್ರ ಅದೂ ಕೆಳಗಿಳೀತದ. ಸಹಜವಾಗಿ ಉಸಿರು ಬಿಟ್ಟ ಮ್ಯಾಲೆ ಓದ್ರಿ. ಹೊಟ್ಟಿ ಒಳಗೆಳ್ಕೊಂಡ್ರ ಮೋಸ ನಿಮಗೇ. ಎರಡು ಸಲ ಅಳೆದು 1 ಸೆಂ.ಮೀ.ಗಿಂತ ಹೆಚ್ಚು ಫರಕ್ ಬಂದ್ರ ಮತ್ತೊಮ್ಮೆ. 15 ದಿನಕ್ಕೊಂದು ಸಲ ಸಾಕು. ನಮ್ಮ ದೇಶದ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಮಿತಿ. ಎತ್ತರದ ಅರ್ಧಕ್ಕಿಂತ ಕಡಿಮಿ ಇರಲಿ ಅನ್ನೋ ಲೆಕ್ಕ ಇನ್ನೂ ಸುಲಭ.

ಕಾಟಾ ದಾರಿ ತಪ್ಪಿಸೋದು ನೀರಿನಿಂದ. ಒಂದು ಗ್ರಾಂ ಗ್ಲೈಕೋಜನ್ (ಮೈ ಕೂಡಿಟ್ಟ ಸಕ್ಕರಿ) ಸುಮಾರು 3 ಗ್ರಾಂ ನೀರು ಹಿಡಿದಿಡ್ತದ. ರಾತ್ರಿ ಉಪ್ಪಿನಕಾಯಿ, ಹಪ್ಪಳ ಜಾಸ್ತಿ ಆದ್ರ ಮರುದಿನ ಒಂದು ಕಿಲೋ ಏರಬಹುದು. ಮೇ ಬಿಸಿಲಿಗೆ ಬೆವತು ಇಳಿದದ್ದು ನೀರು, ಮಜ್ಜಿಗಿ ಕುಡಿದ್ರ ವಾಪಸ್. ಕೊಬ್ಬಿನ ಶೇಕಡಾ ತೋರಿಸೋ ಮಷೀನಿಗೂ ಇದೇ ರೋಗ, ಒಂದು ದಿನದ ಅಂಕಿಗೆ ಹಿಗ್ಗಬ್ಯಾಡ್ರಿ.

ಇನ್ನೊಂದು ಗುರುತು ನಾಡಿ: ಕೆರೆಯ ಅದೇ ಸುತ್ತು, ಅದೇ ವೇಗ, ಮುಗಿದ ಕೂಡ್ಲೇ 30 ಸೆಕೆಂಡು ನಾಡಿ ಎಣಿಸಿ ಬರೀರಿ. ತಿಂಗಳಾದ ಮ್ಯಾಲೆ ಎಣಿಕಿ ಇಳಿದಿದ್ರ ತಾಕತ್ತು ಹೆಚ್ಚಾಗ್ಯದ.

ಸೊಂಟವೂ 4 ವಾರ ಅಲುಗದಿದ್ರ ತಾಟು ನೋಡ್ರಿ. ಶೇಂಗಾ ಹಿಂಡಿ (ಚಟ್ನಿಪುಡಿ) ಮ್ಯಾಲಿನ 15 ಮಿ.ಲೀ. ಎಣ್ಣಿ ಒಂದೇ ಸುಮಾರು 120 ಕ್ಯಾಲರಿ.