ಡೋರ್ ತೆಗೆಯತ್ತೆ, ಗಾಡಿ ಮಾತ್ರ ಸ್ಟಾರ್ಟ್ ಆಗಲ್ಲ: ಕಾರ್ ಕೀ ಪ್ರೋಗ್ರಾಮಿಂಗ್ ಬಗ್ಗೆ ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಕಾರ್ ಜೊತೆ ಎರಡು ರಿಮೋಟ್ ಕೀ ಬಂದಿತ್ತು ಸಾರ್, ಒಂದು ಎಲ್ಲೋ ಬಿದ್ದೋಯ್ತು. ಆನ್‌ಲೈನಲ್ಲಿ ಥೇಟ್ ಅದೇ ಥರದ್ದು ಸಿಕ್ತು ಅಂತ ತರಿಸ್ದೆ, ಉಳಿದಿರೋ ಕೀ ನೋಡ್ಕೊಂಡು ಬ್ಲೇಡ್ ಕಟ್ ಮಾಡಿಸ್ದೆ, ಒಂದು ವಿಡಿಯೋ ನೋಡಿ ಕೀನ ಆನ್ ಆಫ್ ಆನ್ ಆಫ್ ಅಂತ ತಿರುಗಿಸಿ ಬಟನ್ ಒತ್ತಿದ್ರೆ ಡೋರ್ ಲಾಕ್ ಟಕ್ ಅಂತು, ಖುಷಿಯಾಯ್ತು. ಆದ್ರೆ ಗಾಡಿ ಸ್ಟಾರ್ಟ್ ಆಗಲ್ಲ, ಒಂದು ಸೆಕೆಂಡ್ ಎಂಜಿನ್ ಹತ್ಕೊಂಡು ಆಫ್ ಆಗತ್ತೆ, ಮೀಟರ್ ಹತ್ರ ಕೀ ಚಿತ್ರ ಮಿಣಕ್ ಮಿಣಕ್ ಅಂತಿರತ್ತೆ. ಹಳೇ ಕೀಲಿ ಸ್ಟಾರ್ಟ್ ಆಗತ್ತೆ, ಆದ್ರೆ ಅದ್ರ ಬಟನ್ ಈಗ ಕೆಲಸ ಮಾಡ್ತಿಲ್ಲ! ಇದನ್ನ ನಾನೇ ಸರಿ ಮಾಡ್ಕೋಬೋದಾ ಇಲ್ಲಾ ಯಾರಿಗಾದ್ರೂ ಕೊಡ್ಬೇಕಾ?

ಉತ್ತರ: ನೀವು ಅರ್ಧ ಕೆಲಸ ಸರಿಯಾಗೇ ಮಾಡಿದೀರ, ಬೇಜಾರ್ ಮಾಡ್ಕೋಬೇಡಿ. ಉಳಿದರ್ಧ ಬೇರೆ ಕೆಲಸ ಅಂತ ಆ ವಿಡಿಯೋದವರು ಹೇಳಿರಲ್ಲ, ಅಷ್ಟೇ.

ಈ ರಿಮೋಟ್ ಕೀ ಅನ್ನೋದು ಒಂದೇ ಸೂರಿನ ಕೆಳಗೆ ಮೂರು ಸಂಸಾರ ಇದ್ದ ಹಾಗೆ, ಒಬ್ರಿಗೊಬ್ರು ಮಾತೇ ಇಲ್ಲ. ಮೊದಲನೇದು ಬ್ಲೇಡ್, ಬರೀ ಲೋಹ, ಅದು ಬೀಗ ತಿರುಗ್ಸತ್ತೆ ಅಷ್ಟೇ. ಎರಡನೇದು ಬಟನ್ ಒತ್ತಿದ್ರೆ ಡೋರ್ ತೆಗೆಯೋ ರೇಡಿಯೋ, ಇದಕ್ಕೆ ಬ್ಯಾಟರಿ ಬೇಕು, ಸಾಮಾನ್ಯವಾಗಿ 315 ಇಲ್ಲಾ 433.92 ಮೆಗಾಹರ್ಟ್ಸ್‌ನಲ್ಲಿ ಮಾತಾಡತ್ತೆ. ಮೂರನೇದು ಟ್ರಾನ್ಸ್‌ಪಾಂಡರ್ ಚಿಪ್, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ಇದಕ್ಕೆ ಬ್ಯಾಟರಿನೇ ಬೇಡ. ಇಗ್ನಿಷನ್ ಬೀಗದ ಸುತ್ತ ಒಂದು ಕಾಯಿಲ್ ಇರತ್ತೆ, ಕೀ ಹಾಕಿ ಆನ್ ಮಾಡಿದ ಕೂಡ್ಲೇ ಅದು 125 ಕಿಲೋಹರ್ಟ್ಸ್‌ನಲ್ಲಿ (ಕೆಲವು ಗಾಡೀಲಿ 134.2) ಚಿಪ್‌ಗೆ ಕರೆಂಟೂ ಕೊಟ್ಟು ನೀನ್ಯಾರಪ್ಪ ಅಂತಾನೂ ಕೇಳತ್ತೆ. ಚಿಪ್ ಸರಿಯಾದ ಉತ್ತರ ಕೊಟ್ರೆ ಎಂಜಿನ್ ಓಡತ್ತೆ, ಇಲ್ದಿದ್ರೆ ಇಮೊಬಿಲೈಜರ್ ಅನ್ನೋ ಕಳ್ಳತನ ತಡೆಯೋ ಡಬ್ಬ ಪೆಟ್ರೋಲ್ ನಿಲ್ಲಿಸಿಬಿಡತ್ತೆ. ನಿಮ್ಮದು ಹತ್ಕೊಂಡು ಆಫ್ ಆಗ್ತಿರೋದು, ಆ ಕೀ ಚಿತ್ರ ಮಿಣಕ್ ಅಂತಿರೋದು ಇದಕ್ಕೇ. ನೀವು ಪ್ರೋಗ್ರಾಂ ಮಾಡಿರೋದು ಎರಡನೇ ಸಂಸಾರಾನ, ಮೂರನೇದಕ್ಕೆ ಇನ್ನೂ ಪರಿಚಯಾನೇ ಆಗಿಲ್ಲ.

ಹಳೇ ರಿಮೋಟ್ ಬಟನ್ ಯಾಕೆ ಹೋಯ್ತು ಅಂದ್ರೆ, ಸುಮಾರು ಕಾರುಗಳಲ್ಲಿ ಪ್ರೋಗ್ರಾಮಿಂಗ್ ಮೋಡ್‌ಗೆ ಹೋದ ತಕ್ಷಣ ಹಳೇ ರಿಮೋಟ್ ಪಟ್ಟಿನೆಲ್ಲ ಅಳಿಸಿ ಹೊಸದಾಗಿ ಬರ್ಕೊಳ್ಳತ್ತೆ. ಹಾಗಾಗಿ ಮನೇಲಿರೋ ಎಲ್ಲಾ ರಿಮೋಟೂ ಕೈಯಲ್ಲಿಟ್ಕೊಂಡು ಒಂದೇ ಸಲ ಕೂತು ಒಂದಾದ ಮೇಲೊಂದು ಒತ್ತಬೇಕು. ಇನ್ನೊಂದ್ಸಲ ಅದೇ ಆನ್ ಆಫ್ ಮಾಡಿ, ಈ ಸಲ ಎರಡನ್ನೂ ಸೇರಿಸಿ, ನಿಮ್ಮ ಬಟನ್ ವಾಪಸ್ ಬರತ್ತೆ.

ಈಗ ಚಿಪ್ ವಿಷ್ಯ. ನಾವೇ ಮಾಡ್ಕೋಬೋದಾ ಅನ್ನೋದು ಕಾರ್ ಮೇಲೆ ಹೋಗತ್ತೆ, ನಮ್ಮ ಜಾಣತನದ ಮೇಲಲ್ಲ. ಹಳೇ ಫೋರ್ಡ್ ಗಾಡಿಗಳಲ್ಲಿ ಸುಮಾರಕ್ಕೆ ಒಂದು ಕ್ರಮ ಇದೆ, ಮೊದಲ ಕೀ ಹಾಕಿ ಕೆಲವು ಸೆಕೆಂಡ್ ಆನ್ ಮಾಡಿ ತೆಗೀಬೇಕು, ತಕ್ಷಣ ಎರಡನೇ ಕೀ ಹಾಗೇ, ಅದಾದ ಕೂಡ್ಲೇ ಹೊಸಾ ಕೀ, ಮುಗೀತು, ಗಾಡಿ ಒಪ್ಕೊಳ್ಳತ್ತೆ. ಆದ್ರೆ ಗಮನಿಸಿ, ಅಲ್ಲಿ ಕೆಲಸ ಮಾಡೋ ಕೀ ಎರಡು ಬೇಕು, ಅದೂ ಬೇರೆ ಬೇರೆ ಚಿಪ್ ಇರೋವು. ನಿಮ್ಮತ್ರ ಉಳಿದಿರೋದು ಒಂದೇ. ಎರಡು ಇದ್ದಾಗ ಮೂರನೇದು ಯಾಕೆ ಅಂತ ಎಲ್ರೂ ಅಂದ್ಕೊಳ್ತಾರೆ, ಒಂದು ಕಳೆದ ಮೇಲೆ ಗೊತ್ತಾಗೋದು ಆ ಎರಡು ಸೇರಿನೇ ಮೂರನೇದನ್ನ ಹೆರಬೇಕಿತ್ತು ಅಂತ. ಜನರಲ್ ಮೋಟಾರ್ಸ್‌ನ ಕೆಲವು ಗಾಡೀಲಿ ಕೆಲಸ ಮಾಡೋ ಕೀ ಒಂದೂ ಬೇಡ, ಹೊಸಾ ಕೀ ಆನ್ ಮಾಡಿಟ್ಟು ಸೆಕ್ಯುರಿಟಿ ಲೈಟ್ ಆರೋವರೆಗೆ ಸುಮಾರು 10 ನಿಮಿಷ ಕಾಯೋದು, ಆಫ್ ಮಾಡೋದು, ಹೀಗೆ ಮೂರು ಸಲ, ಅರ್ಧ ಗಂಟೆ ಕೂತಿರೋ ತಾಳ್ಮೆ ಇದ್ರೆ ಸಾಕು, ಆದ್ರೆ ಹಳೇ ಕೀಗಳೆಲ್ಲ ಲೆಕ್ಕದಿಂದ ಹೊರಗೆ, ಅವನ್ನೂ ಮತ್ತೆ ಸೇರಿಸ್ಬೇಕು. ನಿಮ್ಮ ಗಾಡಿದು ಏನು ಅಂತ ಓನರ್ ಮ್ಯಾನ್ಯುಯಲ್‌ನಲ್ಲಿ ನೋಡಿ, ಕ್ರಮ ಇದ್ರೆ ಸಾಮಾನ್ಯವಾಗಿ ಅಲ್ಲೇ ಬರೆದಿರ್ತಾರೆ. ಸ್ಟಾರ್ಟ್ ಬಟನ್ ಇರೋ ಹೊಸಾ ಗಾಡಿ ಆದ್ರೆ ಹುಡುಕೋಕೇ ಹೋಗ್ಬೇಡಿ, ಬಹುತೇಕ ಇರಲ್ಲ.

ಆಗ ಉಳಿಯೋದು ಸ್ಟೀರಿಂಗ್ ಕೆಳಗಿರೋ, ಗಾಡಿ ಕಂಪ್ಯೂಟರ್ ಜೊತೆ ಮಾತಾಡೋಕಿರೋ 16 ಪಿನ್ನಿನ ಓಬಿಡಿ ಪೋರ್ಟ್‌ಗೆ ಯಂತ್ರ ಹಾಕಿ ಮಾಡೋ ದಾರಿ. ಕಡಿಮೆ ದುಡ್ಡಿಗೆ ಇಂಥ ಯಂತ್ರ ಸಿಗತ್ತೆ, ತಗೋಬೋದಾ ಅಂತ ಸುಮಾರು ಜನ ಕೇಳ್ತಾರೆ. ನನ್ನ ಕೇಳಿದ್ರೆ ಒಂದು ಕೀಗೋಸ್ಕರ ಬೇಡ. ಯಂತ್ರ ಕೆಟ್ಟದ್ದು ಅಂತಲ್ಲ, ಅರ್ಧದಲ್ಲಿ ಏನಾದ್ರೂ ಆದ್ರೆ ಕೈ ಹಿಡಿಯೋರು ಯಾರೂ ಇರಲ್ಲ ಅಂತ. ನಾನೇ ಕಲಿಯೋ ದಿನಗಳಲ್ಲಿ ಒಂದು ಗಾಡಿ ಮುಂದೆ ಕೂತು ಬೆಳಕಿಲ್ಲ ಅಂತ ಒಳಗಿನ ಲೈಟು, ಸೆಕೆ ಅಂತ ಫ್ಯಾನು, ಇಗ್ನಿಷನ್ ಅಂತೂ ಆನೇ, ಎಲ್ಲಾ ಹಾಕ್ಕೊಂಡು ಪ್ರೋಗ್ರಾಂ ಮಾಡ್ತಿದ್ದೆ, ಬ್ಯಾಟರಿ ಮೊದಲೇ ಸುಸ್ತಾಗಿತ್ತು, ವೋಲ್ಟೇಜ್ ಬಿದ್ದು ಬರೀತಿರೋದು ಅರ್ಧಕ್ಕೇ ನಿಂತೋಯ್ತು, ಇದ್ದ ಕೀನೂ ಹೋಯ್ತು, ಹೊಸದೂ ಬರಲಿಲ್ಲ. ಅವತ್ತಿಂದ ಚಾರ್ಜರ್ ಕಚ್ಚಿಸದೆ ನಾನು ಯಂತ್ರ ಮುಟ್ಟಿಲ್ಲ. ನೀವು ಯಾರತ್ರ ಹೋದ್ರೂ ಅವ್ರು ಬ್ಯಾಟರಿ ವೋಲ್ಟೇಜ್ ನೋಡ್ತಾರಾ ಅಂತ ಗಮನಿಸಿ, ಅದರಲ್ಲೇ ಅರ್ಧ ಗೊತ್ತಾಗತ್ತೆ.

ಶೋರೂಮಾ, ಹೊರಗಿನ ಕೀ ತಜ್ಞರಾ? ಶೋರೂಮಿನವ್ರು 17 ಅಕ್ಷರದ ಚಾಸಿ ನಂಬರ್ ಹಾಕಿ ಕಂಪನಿ ಸರ್ವರ್‌ನಿಂದಾನೇ ಪಿನ್ ಕೋಡ್, ಅಂದ್ರೆ ಕೀ ಸೇರಿಸೋಕೆ ಗಾಡಿ ಕೇಳೋ ಗುಟ್ಟಿನ ನಂಬರ್ ತಗೋತಾರೆ, ನಿಧಾನ, ಆದ್ರೆ ನೇರ. ಒಳ್ಳೇ ಕೀ ತಜ್ಞರಿಗೆ ತುಂಬಾ ಮಾಡೆಲ್‌ಗಳ ಪಿನ್ ಓದೋ ಯಂತ್ರ ಇರತ್ತೆ, ಗಾಡಿ ಇದ್ದಲ್ಲಿಗೇ ಬರ್ತಾರೆ. ಮಾಮೂಲಿ ಗಾಡಿಗೆ ನಾನು ಎರಡನೆಯವ್ರನ್ನೇ ಹೇಳ್ತೀನಿ. ಗಾಡಿ ಪೇಪರ್ ನಿಮ್ಮ ಹೆಸರಲ್ಲಿದ್ಯಾ ಅಂತ ಕೇಳದೇ ಕೀ ಮಾಡ್ಕೊಡ್ತೀನಿ ಅನ್ನೋನ ಹತ್ರ ಮಾತ್ರ ಹೋಗ್ಬೇಡಿ, ಅವನು ನಿಮ್ಮ ಗಾಡಿ ಕೀನ ಬೇರೆಯವನಿಗೂ ಹಂಗೇ ಮಾಡ್ಕೊಡ್ತಾನೆ.

ಕೆಲಸ ಒಪ್ಪಿಸೋಕೆ ಮುಂಚೆ ಒಂದು ಮಾತು ಕೇಳಿ, ಇದು ಕ್ಲೋನಾ ಇಲ್ಲಾ ಹೊಸದಾಗಿ ಸೇರಿಸೋದಾ ಅಂತ. ಕ್ಲೋನ್ ಅಂದ್ರೆ ನಿಮ್ಮ ಹಳೇ ಚಿಪ್‌ನ ತದ್ರೂಪು, ಗಾಡಿಗೆ ಎರಡೂ ಒಂದೇ ಅನ್ಸತ್ತೆ, ಬೇಗ ಆಗತ್ತೆ, ಅಗ್ಗ. ಆದ್ರೆ ನಾನು ಹೇಳಿದ್ನಲ್ಲ ಎರಡು ಬೇರೆ ಬೇರೆ ಕೀ ಬೇಕು ಅಂತ, ಅಲ್ಲಿ ಕ್ಲೋನ್ ಲೆಕ್ಕಕ್ಕೆ ಬರಲ್ಲ. ಮುಂದೆ ಒಂದು ಕಳೆದ್ರೆ ಅದೊಂದನ್ನೇ ಅಳ್ಸೋಕೂ ಆಗಲ್ಲ, ಅಳಿಸಿದ್ರೆ ಎರಡೂ ಹೋಗತ್ತೆ. ನಿಮ್ಮದು ಕಳೆದಿರೋ ಕೇಸು, ಹಾಗಾಗಿ ಹೊಸದಾಗಿ ಸೇರಿಸ್ಬೇಕು, ಜೊತೆಗೆ ಕಳೆದಿರೋದನ್ನ ಮೆಮೊರಿಯಿಂದ ತೆಗೀರಿ ಅಂತ ಬಾಯಿಬಿಟ್ಟು ಕೇಳಿ, ಕೇಳದಿದ್ರೆ ಸುಮಾರು ಜನ ಮಾಡಲ್ಲ. ಮುಗಿದ ಮೇಲೆ ಎಷ್ಟು ಕೀ ಸೇರಿದೆ ಅಂತ ತುಂಬಾ ಗಾಡೀಲಿ ಯಂತ್ರದಲ್ಲೇ ಕಾಣತ್ತೆ, ಎರಡು ಅಂತ ಬಂತಾ ಅಂತ ಕಣ್ಣಾರೆ ನೋಡಿ. ಅಳಿಸಿದ್ರೂ ಬ್ಲೇಡ್ ಬ್ಲೇಡೇ, ಸಿಕ್ಕಿದೋನು ಡೋರ್ ತೆಗೀಬೋದು, ಓಡಿಸ್ಕೊಂಡು ಹೋಗೋಕಾಗಲ್ಲ ಅಷ್ಟೇ, ಒಳಗೆ ಬೆಲೆಬಾಳೋದು ಬಿಡ್ಬೇಡಿ.

ಇನ್ನು ನೀವು ತರಿಸಿರೋ ಆ ರಿಮೋಟಲ್ಲಿ ನಿಮ್ಮ ಗಾಡಿಗೆ ಬೇಕಾದ ಚಿಪ್ಪೇ ಇದ್ಯಾ ಅನ್ನೋದನ್ನ ತಜ್ಞರು ಒಂದು ರೀಡರ್‌ನಲ್ಲಿಟ್ಟು ಹೇಳ್ತಾರೆ. ಇಲ್ದಿದ್ರೆ ಚಿಪ್ ಮಾತ್ರ ಬೇರೆ ಹಾಕಿಸ್ಬೋದು, ರಿಮೋಟ್ ದಂಡ ಆಗಲ್ಲ. ಸ್ಟಾರ್ಟ್ ಬಟನ್ ಗಾಡಿಯವ್ರು ಸೆಕೆಂಡ್ ಹ್ಯಾಂಡ್ ಸ್ಮಾರ್ಟ್ ಕೀ ತಗೊಳ್ಳೋದಾದ್ರೆ ಹುಷಾರು, ಅದು ಒಂದು ಗಾಡಿಗೆ ತಾಳಿ ಕಟ್ಟಿಸ್ಕೊಂಡ ಮೇಲೆ ಸಾಮಾನ್ಯವಾಗಿ ಲಾಕ್ ಆಗೋಗತ್ತೆ, ಅನ್‌ಲಾಕ್ ಮಾಡಿಸದೆ ಇನ್ನೊಂದು ಗಾಡಿ ಒಪ್ಪಲ್ಲ.

ಪ್ರಶ್ನೆ: ಇದ್ದ ಕೀ ಎಲ್ಲಾ ಕಳೆದೋದ್ರೆ ಎಂಜಿನ್ ಕಂಪ್ಯೂಟರೇ ಬದಲಾಯಿಸ್ಬೇಕು ಅಂತಾರೆ, ನಿಜಾನಾ?

ಉತ್ತರ: 90ರ ದಶಕದ ಫಿಯೆಟ್‌ಗಳಲ್ಲಿ ಕೆಂಪು ಮಾಸ್ಟರ್ ಕೀ ಅಂತ ಒಂದು ಕೊಡ್ತಿದ್ರು, ಅದು ಕಳೆದ್ರೆ ಹೊಸಾ ಕೀ ಸೇರಿಸೋಕೆ ದಾರಿನೇ ಇರಲಿಲ್ಲ, ಈ ಮಾತು ಅಂಥ ಗಾಡಿಗಳಿಂದ ಬಂದಿರೋದು. ಈಗ ಬಹುತೇಕ ಆ ಗತಿ ಇಲ್ಲ. ಪಿನ್ ಸಿಕ್ರೆ ಓಬಿಡಿಯಿಂದಾನೇ ಆಗತ್ತೆ, ಕೆಲವದಕ್ಕೆ ಇಮೊಬಿಲೈಜರ್ ಡಬ್ಬ ಬಿಚ್ಚಿ ಅದರೊಳಗಿನ ಮೆಮೊರಿ ಚಿಪ್ ಓದ್ಬೇಕು, ಅದು ಬೆಸುಗೆ ಕೆಲಸ, ಖರ್ಚು ಜಾಸ್ತಿ, ಕೈ ಪಳಗಿರ್ಬೇಕು. ಬ್ಲೇಡ್‌ಗೆ ಗಾಡಿ ಜೊತೆ ಬಂದ ಪುಟ್ಟ ತಗಡಿನ ಬಿಲ್ಲೆ ಮೇಲಿನ ನಂಬರ್ ಸಾಕು, ಅದನ್ನ ಫೋಟೋ ತೆಗೆದಿಡಿ, ಕೀ ಗೊಂಚಲಲ್ಲೇ ಮಾತ್ರ ನೇತಾಕ್ಬೇಡಿ.

ಪ್ರಶ್ನೆ: ರಿಮೋಟ್ ಬ್ಯಾಟರಿ ಬದಲಾಯಿಸಿದ್ರೆ ಮತ್ತೆ ಪ್ರೋಗ್ರಾಂ ಮಾಡಿಸ್ಬೇಕಾ?

ಉತ್ತರ: ಬೇಡ, ಮಾಹಿತಿ ಅಳಿಸೋಗಲ್ಲ. ಬ್ಯಾಟರಿ ನಂಬರ್ ಮಾತ್ರ ಅದೇ ಇರ್ಲಿ. ಸಿಆರ್2032 ಅಂದ್ರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಅದರ ಜಾಗದಲ್ಲಿ 2025 ಹಾಕಿದ್ರೆ ಅಗಲ ಕೂರತ್ತೆ, ದಪ್ಪ ಸಾಲಲ್ಲ, ಒಂದ್ಸಲ ಒತ್ತಿದ್ರೆ ಬರತ್ತೆ ಒಂದ್ಸಲ ಬರಲ್ಲ. ಸ್ಮಾರ್ಟ್ ಕೀ ಬ್ಯಾಟರಿ ದಾರೀಲಿ ಸತ್ರೆ ಗಾಬರಿ ಬೇಡ, ಒಳಗಿರೋ ಬ್ಲೇಡ್ ತೆಗೆದು ಡೋರ್ ತೆಗೀರಿ, ಆ ಸ್ಮಾರ್ಟ್ ಕೀನೇ ಗಾಡಿಯ ಸ್ಟಾರ್ಟ್ ಬಟನ್‌ಗೆ ತಾಗಿಸಿಟ್ಟು ಒತ್ತಿ. ಕೆಲವು ಗಾಡೀಲಿ ಆ ಜಾಗ ಗೇರ್ ಹತ್ರಾನೋ ಕಪ್ ಇಡೋ ಕಡೆನೋ ಇರತ್ತೆ, ಮ್ಯಾನ್ಯುಯಲ್ ನೋಡ್ಕೊಳ್ಳಿ.

ಪ್ರಶ್ನೆ: ರಿಮೋಟ್ ಕವರ್ ಒಡೆದಿತ್ತು, ಹೊಸಾ ಕವರ್ ತಂದು ಒಳಗಿನ ಸರ್ಕ್ಯೂಟ್ ಅದಕ್ಕೆ ಹಾಕ್ದೆ. ಬಟನ್ ಚೆನ್ನಾಗಿದೆ, ಗಾಡಿ ಸ್ಟಾರ್ಟ್ ಆಗ್ತಿಲ್ಲ. ಪ್ರೋಗ್ರಾಮಿಂಗ್ ಹೋಗಿದ್ಯಾ?

ಉತ್ತರ: ಹೋಗಿಲ್ಲ. ಮೂರನೇ ಸಂಸಾರ ಹಳೇ ಮನೇಲೇ ಉಳ್ಕೊಂಡಿದೆ. ಸುಮಾರು ಕೀಗಳಲ್ಲಿ ಚಿಪ್ ಸರ್ಕ್ಯೂಟ್ ಮೇಲಿರಲ್ಲ, ಕವರ್‌ನ ಒಂದು ಮೂಲೆಯ ಸಂದೀಲಿ ಬೇರೆಯಾಗಿ ಕೂತಿರತ್ತೆ, ಕರಿ ತುಂಡೋ ಸಣ್ಣ ಗಾಜಿನ ಕೊಳವೆಯೋ. ಗಾಜಿಂದಾದ್ರೆ ಚಾಕು ಹಾಕಿ ಮೀಟ್ಬೇಡಿ, ಒಡೆದೋಗತ್ತೆ, ಕವರನ್ನೇ ನಿಧಾನಕ್ಕೆ ಕತ್ತರಿಸಿ ತೆಗೀರಿ. ಅದಕ್ಕೂ ಮೊದ್ಲು ಆ ಹಳೇ ಕವರ್ ಕಸದ ಬುಟ್ಟೀಲಿ ಇನ್ನೂ ಇದ್ಯಾ ಅಂತ ಹೋಗಿ ನೋಡಿ.