ಓದುಗರ ಪ್ರಶ್ನೆ, ನಮ್ಮ ಉತ್ತರ: ಪುಟ್ಟ ಮಕ್ಕಳೊಂದಿಗೆ ಗಾರ್ಡನ್ನಿಗೆ

ಬೇಸಗೆಯ ರಜೆ ಮುಗಿಸಿ ಊರಿನಿಂದ ಮುಂಬಯಿಗೆ ಮರಳಿದ ಓದುಗರ ಪತ್ರಗಳಲ್ಲಿ ಹಲವು ಈ ಬಾರಿ ಒಂದೇ ವಿಷಯವನ್ನು ಹಿಡಿದು ಬಂದಿವೆ. ಊರಿನ ಅಂಗಳದಲ್ಲಿ ತಿಂಗಳುಗಟ್ಟಲೆ ಓಡಾಡಿದ ಮಗುವನ್ನು ಇಲ್ಲಿಯ ವಸತಿ ಸೊಸೈಟಿಯ ಆಟದ ಜಾಗಕ್ಕೋ ಪಾಲಿಕೆಯ ಗಾರ್ಡನ್ನಿಗೋ ಕರೆದೊಯ್ಯುವಾಗ ಏನು ನೋಡಬೇಕು, ಎಷ್ಟು ಬಿಡಬೇಕು, ಎಲ್ಲಿ ತಡೆಯಬೇಕು ಎಂಬುದು ಅವುಗಳ ಒಟ್ಟು ಸಾರ. ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಮೊಮ್ಮಗನಿಗೆ ಒಂದೂವರೆ ವರ್ಷ. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವುದರಿಂದ ಸಂಜೆ ಅವನನ್ನು ಆಡಿಸುವ ಹೊಣೆ ನನ್ನದು. ಜಾರುಬಂಡೆಯ ಮೇಲೆ ಒಬ್ಬನನ್ನೇ ಬಿಡಲು ಹೆದರಿ, ನಾನೇ ಮೇಲೆ ಹತ್ತಿ ಅವನನ್ನು ಮಡಿಲಲ್ಲಿ ಕೂರಿಸಿಕೊಂಡು ಜಾರುತ್ತೇನೆ. ಸೊಸೆ ಇದು ಬೇಡವೆನ್ನುತ್ತಾಳೆ. ಯಾರು ಸರಿ?
ಒಬ್ಬ ಅಜ್ಜಿ, ಮುಲುಂಡ್

ಉತ್ತರ: ಈ ವಯಸ್ಸಿನಲ್ಲಿ ಜಾರುಬಂಡೆ ಹತ್ತುವ ನಿಮ್ಮ ಉತ್ಸಾಹಕ್ಕೆ ನಮಸ್ಕಾರ, ಆದರೆ ಈ ವಿಷಯದಲ್ಲಿ ಸರಿ ನಿಮ್ಮ ಸೊಸೆಯೇ. ಮಡಿಲಲ್ಲಿದ್ದರೆ ಮಗು ಭದ್ರ ಎಂದು ಎಲ್ಲರಿಗೂ ಅನಿಸುತ್ತದೆ, ಆದರೆ ಎರಡು ವರ್ಷದೊಳಗಿನ ಮಕ್ಕಳು ಜಾರುಬಂಡೆಯಲ್ಲಿ ಕಾಲು ಮುರಿದುಕೊಳ್ಳುವುದು ಹೆಚ್ಚಾಗಿ ದೊಡ್ಡವರ ಮಡಿಲಲ್ಲಿ ಕುಳಿತು ಜಾರುವಾಗಲೇ ಎಂಬುದನ್ನು ಮಕ್ಕಳ ವೈದ್ಯರು ಬಹಳ ಕಾಲದಿಂದ ಎಚ್ಚರಿಸುತ್ತ ಬಂದಿದ್ದಾರೆ. ಮಗುವಿನ ರಬ್ಬರ್ ಅಡಿಯ ಬೂಟು ಜಾರುಬಂಡೆಯ ಅಂಚಿಗೆ ಅಥವಾ ಮೇಲ್ಮೈಗೆ ಅಂಟಿಕೊಂಡು ನಿಂತುಬಿಡುತ್ತದೆ, ಆದರೆ ಹಿಂದಿರುವ ದೊಡ್ಡವರ ಭಾರವೂ ವೇಗವೂ ನಿಲ್ಲುವುದಿಲ್ಲ. ಆ ಕ್ಷಣದಲ್ಲಿ ಪುಟ್ಟ ಕಾಲು ಹಿಂದಕ್ಕೆ ತಿರುಚಿಕೊಂಡು ಮೊಣಕಾಲಿನ ಕೆಳಗಿನ ಎಲುಬು ಮುರಿಯುತ್ತದೆ. ಅದೇ ಮಗು ಒಂಟಿಯಾಗಿ ಜಾರುತ್ತಿದ್ದರೆ ಕಾಲು ಸಿಕ್ಕಿದರೂ ಅದರ ಸ್ವಂತ ಭಾರ ಅಷ್ಟು ಕಡಿಮೆಯಿರುವುದರಿಂದ ಅಲ್ಲಿಯೇ ನಿಲ್ಲುತ್ತದೆ ಅಥವಾ ಅಡ್ಡ ತಿರುಗುತ್ತದೆ.

ಹಾಗಾದರೆ ಮಾಡಬೇಕಾದುದೇನು? ನಾನು ಬಾಲವಾಡಿಯಲ್ಲಿದ್ದ ಕಾಲದಿಂದಲೂ ಪಾಲಕರಿಗೆ ಹೇಳುತ್ತ ಬಂದಿರುವುದು ಇಷ್ಟೇ: ಮಗು ತಾನಾಗಿ ಹತ್ತಲಾರದ ಎತ್ತರಕ್ಕೆ ಅದನ್ನು ಎತ್ತಿ ಕೂರಿಸಬೇಡಿ, ತಾನಾಗಿ ಹತ್ತುತ್ತಿರುವುದನ್ನು ಎಳೆದು ಇಳಿಸಬೇಡಿ. ತನ್ನ ಕೈಕಾಲುಗಳಿಂದಲೇ ಏರಿದ ಮಗುವಿಗೆ ಮೆಟ್ಟಿಲಿನ ಅಂತರವೂ ಹಿಡಿತವೂ ಒಂದಿಷ್ಟು ಪರಿಚಯವಾಗಿರುತ್ತದೆ. ಮೇಲಕ್ಕೆ ಎತ್ತಿ ಕೂರಿಸಿದ ಮಗುವಿಗೆ ತಾನು ಎಷ್ಟು ಎತ್ತರದಲ್ಲಿದ್ದೇನೆ ಎಂಬುದೂ ಗೊತ್ತಿರುವುದಿಲ್ಲ. ನಿಮ್ಮ ಮೊಮ್ಮಗ ಸದ್ಯಕ್ಕೆ ಎರಡು ಮೆಟ್ಟಿಲು ಏರಿ ಮರಳಿ ಇಳಿಯುತ್ತಾನೆಂದಾದರೆ ಅವನಿಗೆ ಅದೇ ಆಟ. ಗಾರ್ಡನ್ನಿನಲ್ಲಿ ಚಿಕ್ಕ ಮಕ್ಕಳಿಗೆಂದೇ ಗಿಡ್ಡ ಜಾರುಬಂಡೆಯಿದ್ದರೆ ಅದನ್ನು ಬಳಸಿ, ನೀವು ಅದರ ಪಕ್ಕದಲ್ಲಿ ಕೈಗೆ ಸಿಗುವಷ್ಟು ಹತ್ತಿರ ನೆಲದ ಮೇಲೆ ನಿಲ್ಲಿ. ನಿಮ್ಮ ಮಂಡಿಗಳಿಗೂ ಅದು ಒಳ್ಳೆಯದು.

ಪ್ರಶ್ನೆ: ನಾವು ಕುಂದಾಪುರದ ಕಡೆಯವರು. ಮೂರು ವರ್ಷದ ಮಗಳಿಗೆ ಕನ್ನಡವೊಂದೇ ಬರುತ್ತದೆ. ಸೊಸೈಟಿಯ ಅಂಗಳದಲ್ಲಿ ಉಳಿದ ಮಕ್ಕಳು ಹಿಂದಿ, ಮರಾಠಿ ಮಾತನಾಡುತ್ತಾರೆ. ಇವಳು ಅವರ ಪಕ್ಕದಲ್ಲಿ ತನ್ನಷ್ಟಕ್ಕೆ ತಾನು ಮಣ್ಣು ತೋಡುತ್ತ ಕೂರುತ್ತಾಳೆ, ಅವರೊಂದಿಗೆ ಸೇರುವುದಿಲ್ಲ. ಮನೆಯಲ್ಲೂ ಹಿಂದಿ ಆರಂಭಿಸಬೇಕೆ?
ಒಬ್ಬ ತಾಯಿ, ಘಾಟ್ಕೋಪರ್

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಸಂಗತಿಗಳು ಒಂದಕ್ಕೊಂದು ಸೇರಿಕೊಂಡಿವೆ, ಅವನ್ನು ಬಿಡಿಸಿ ನೋಡೋಣ. ಪಕ್ಕದಲ್ಲಿ ಕುಳಿತು ಬೇರೆಯಾಗಿ ಆಡುವುದು ಭಾಷೆಯ ತೊಂದರೆಯಲ್ಲ, ವಯಸ್ಸಿನ ಲಕ್ಷಣ. ಅಮೆರಿಕದ ಸಂಶೋಧಕಿ ಮಿಲ್ಡ್ರೆಡ್ ಪಾರ್ಟನ್ ಅವರು ಶಾಲಾಪೂರ್ವ ಮಕ್ಕಳ ಆಟವನ್ನು ಗಮನಿಸಿ 1932ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ಸಮಾನಾಂತರ ಆಟ ಎಂದು ಗುರುತಿಸಿದರು: ಮಕ್ಕಳು ಒಂದೇ ಬಗೆಯ ಆಟಿಕೆ ಹಿಡಿದು ಅಕ್ಕಪಕ್ಕದಲ್ಲಿರುತ್ತಾರೆ, ಓರೆಗಣ್ಣಿನಿಂದ ಒಬ್ಬರನ್ನೊಬ್ಬರು ನೋಡುತ್ತಾರೆ, ಆದರೆ ಆಟವನ್ನು ಕೂಡಿಸುವುದಿಲ್ಲ. ಪಾತ್ರ ಹಂಚಿಕೊಂಡು, ನಿಯಮ ಒಪ್ಪಿಕೊಂಡು ಆಡುವುದು ಸಾಮಾನ್ಯವಾಗಿ ಅದರ ನಂತರದ್ದು. ನಿಮ್ಮ ಮಗಳು ಉಳಿದ ಮಕ್ಕಳ ಪಕ್ಕದಲ್ಲೇ ಕೂರುತ್ತಿದ್ದಾಳೆ, ಅಂಗಳದ ಇನ್ನೊಂದು ಮೂಲೆಗೆ ಹೋಗಿ ಕೂರುತ್ತಿಲ್ಲ ಎಂಬುದೇ ಅವಳಿಗೆ ಅವರ ಸಂಗ ಬೇಕು ಎಂಬುದನ್ನು ತಿಳಿಸುತ್ತದೆ.

ಇನ್ನು ಭಾಷೆ. ಮನೆಯ ಕನ್ನಡವನ್ನು ದಯವಿಟ್ಟು ಬಿಡಬೇಡಿ. ಈ ನಗರದಲ್ಲಿ ಮಕ್ಕಳು ಹಿಂದಿಯನ್ನೂ ಮರಾಠಿಯನ್ನೂ ಅಂಗಳದಿಂದಲೇ ಎತ್ತಿಕೊಳ್ಳುತ್ತಾರೆ, ಕನ್ನಡವನ್ನು ಕೊಡುವವರು ನೀವೊಬ್ಬರೇ. ಆಟದಲ್ಲಿ ತಕ್ಷಣ ಬೇಕಾಗುವುದು ನಾಲ್ಕಾರು ಮಾತುಗಳು ಮಾತ್ರ: ನನಗೂ ಆಡಬೇಕು, ಈಗ ನನ್ನ ಸರದಿ, ಸಾಕು, ಬೇಡ. ಅವನ್ನು ಹಿಂದಿಯಲ್ಲಿ ಕಲಿಸಿ ಕಳುಹಿಸಿ. ಅದಕ್ಕಿಂತ ಹೆಚ್ಚು ಫಲ ಕೊಡುವುದು ದಿನವೂ ಒಂದೇ ಹೊತ್ತಿಗೆ ಹೋಗುವುದು, ಏಕೆಂದರೆ ಅದೇ ಮುಖಗಳು ಮತ್ತೆಮತ್ತೆ ಕಂಡರೆ ಮಾತಿಲ್ಲದೆಯೂ ಸ್ನೇಹವಾಗುತ್ತದೆ. ಜೊತೆಗೆ ಒಂದರ ಬದಲು ಎರಡು ಬಕೆಟ್ಟು, ಎರಡು ಸೌಟು ಒಯ್ಯಿರಿ, ಇನ್ನೊಂದನ್ನು ಎತ್ತಿಕೊಳ್ಳಲು ಯಾರಾದರೂ ಬಂದೇ ಬರುತ್ತಾರೆ. ನೀವೂ ಬೆಂಚಿನ ತುದಿಯಲ್ಲಿ ಫೋನ್ ನೋಡುತ್ತ ಕೂರದೆ ಉಳಿದ ತಾಯಂದಿರೊಂದಿಗೆ ಎರಡು ಮಾತಾಡಿ, ನಿಮ್ಮ ಹಿಂದಿ ಹೇಗೇ ಇರಲಿ.

ಇನ್ನೂ ಒಂದು ಸಮಾಧಾನದ ಸಂಗತಿ. ಮುಂಬಯಿಯ ದೊಡ್ಡ ಮಕ್ಕಳು ಆಟಕ್ಕೆ ಸೇರಿದ ಚಿಕ್ಕವರನ್ನು ‘ಕಚ್ಚಾ ಲಿಂಬು’ ಎಂದು ಕರೆದು ಜೊತೆಗಿಟ್ಟುಕೊಳ್ಳುತ್ತಾರೆ. ಅಂಥವರು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಓಡಬಹುದು, ಅಡಗಬಹುದು, ಔಟಾಗುವುದಿಲ್ಲ. ಕೆಲವು ತಾಯಂದಿರು ಇದನ್ನು ಅವಮಾನವೆಂದು ತಿಳಿದು ಜಗಳಕ್ಕೆ ಇಳಿಯುವುದನ್ನು ಕಂಡಿದ್ದೇನೆ. ನನ್ನ ಅಭಿಪ್ರಾಯದಲ್ಲಿ ಮೂರು ವರ್ಷದ ಮಗುವಿಗೆ ಇದಕ್ಕಿಂತ ಒಳ್ಳೆಯ ಸ್ಥಾನ ಬೇರೊಂದಿಲ್ಲ.

ಪ್ರಶ್ನೆ: ನನ್ನ ಎರಡು ವರ್ಷದ ಮಗ ಗಾರ್ಡನ್ನಿನಲ್ಲಿ ತನ್ನ ಚೆಂಡನ್ನು ಯಾರಿಗೂ ಕೊಡುವುದಿಲ್ಲ, ಕೇಳಿದರೆ ಕಿರುಚುತ್ತಾನೆ. ಉಳಿದವರ ಎದುರು ನಾಚಿಕೆಯಾಗಿ ಕಸಿದು ಕೊಡಿಸುತ್ತೇನೆ. ಸರಿಯೆ?
ಒಬ್ಬ ತಂದೆ, ಸಾಂತಾಕ್ರೂಜ್

ಉತ್ತರ: ಸರಿಯಲ್ಲ. ನಿಮ್ಮ ನಾಚಿಕೆಗೆ ಮಗು ದಂಡ ತೆರುತ್ತಿದೆ. ಕೊಟ್ಟದ್ದು ಮರಳಿ ಬರುತ್ತದೆ ಎಂಬ ನಂಬಿಕೆ ಎರಡು ವರ್ಷಕ್ಕೆ ಇನ್ನೂ ಗಟ್ಟಿಯಾಗಿರುವುದಿಲ್ಲ, ಮತ್ತು ಬಲವಿರುವವರು ಕಸಿಯಬಹುದು ಎಂಬುದನ್ನೇ ನೀವು ಅವನಿಗೆ ತೋರಿಸಿಕೊಡುತ್ತಿದ್ದೀರಿ. ‘ಅವನು ಆಡಿ ಮುಗಿಸಿದ ಮೇಲೆ ಕೊಡುತ್ತಾನೆ’ ಎಂದು ಕೇಳಿದ ಮಗುವಿಗೆ ನೀವೇ ಹೇಳಿ, ಅವನು ಬಿಟ್ಟೊಡನೆ ಅದನ್ನು ಕೊಡಿಸಿ. ಅವನಿಗೆ ತೀರ ಪ್ರಿಯವಾದ ಆಟಿಕೆಯನ್ನು ಮನೆಯಲ್ಲೇ ಬಿಟ್ಟುಬನ್ನಿ. ಆದರೆ ಉಯ್ಯಾಲೆ, ಜಾರುಬಂಡೆಗಳ ಮಾತು ಬೇರೆ, ಅವು ಎಲ್ಲರವು. ಅಲ್ಲಿ ಹತ್ತು ಬಾರಿ ತೂಗಿ ಇಳಿಯಬೇಕೆಂದು ಮೊದಲೇ ಹೇಳಿ, ಗಟ್ಟಿಯಾಗಿ ಎಣಿಸಿ, ಹತ್ತಕ್ಕೆ ಇಳಿಸಿ. ಉಯ್ಯಾಲೆಯ ಮೇಲೆ ದೊಡ್ಡವರೇ ಕುಳಿತು ಭೇಲ್ ತಿನ್ನುತ್ತಿದ್ದರೆ ಅವರನ್ನು ಏಳಿಸಲು ಮಾತ್ರ ಯಾವ ನಾಚಿಕೆಯೂ ಬೇಡ.

ಪ್ರಶ್ನೆ: ಮಳೆಗಾಲದ ನಾಲ್ಕು ತಿಂಗಳು ಮಗುವನ್ನು ಹೊರಗೆ ಬಿಡಬೇಕೆ, ಬೇಡವೆ?
ಒಬ್ಬ ಓದುಗರು, ಗೋರೆಗಾಂವ್

ಉತ್ತರ: ಮಳೆ ಬಿಟ್ಟ ಹೊತ್ತಿನಲ್ಲಿ ಬಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 2,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಒಣ ನೆಲಕ್ಕಾಗಿ ಕಾದರೆ ದಸರೆಯೇ ಬಂದುಬಿಡುತ್ತದೆ. ಒದ್ದೆಯಾಗುವುದರಿಂದ ದೊಡ್ಡ ಹಾನಿಯಿಲ್ಲ, ಭಯಪಡಬೇಕಾದುದು ನಿಂತ ನೀರಿಗೆ. ಇಲಿಯ ಮೂತ್ರ ಸೇರಿದ ನೀರು ಗಾಯಕ್ಕೆ ತಗುಲಿದರೆ ಲೆಪ್ಟೊಸ್ಪೈರೋಸಿಸ್, ಎಂದರೆ ಇಲಿಜ್ವರ, ಬರಬಹುದು. ಆದ್ದರಿಂದ ಮಗು ರಸ್ತೆಯ ನೆರೆನೀರಿನಲ್ಲಿ ನಡೆದಿದ್ದರೆ ಕಾಲನ್ನು ಸೋಪಿನಿಂದ ತೊಳೆದು, ತಡೆ ಔಷಧಿ ಬೇಕೇ ಎಂಬುದನ್ನು 72 ಗಂಟೆಯೊಳಗೆ ವೈದ್ಯರಲ್ಲಿ ಕೇಳಿ. ಡೆಂಗಿ ಹರಡುವ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಅದರಲ್ಲೂ ಬೆಳಿಗ್ಗೆ ಮತ್ತು ಸೂರ್ಯಾಸ್ತಕ್ಕೆ ಮುನ್ನ, ಎಂದರೆ ಸರಿಯಾಗಿ ಮಕ್ಕಳು ಆಡುವ ಹೊತ್ತಿಗೆ. ತುಂಬುತೋಳಿನ ಹತ್ತಿಯ ಅಂಗಿ ಹಾಕಿ. ಆಟಕ್ಕೆಂದು ನೇತುಹಾಕಿದ ಹಳೆಯ ಟೈರುಗಳೊಳಗೆ ನೀರು ನಿಂತಿದ್ದರೆ ಅದನ್ನು ಚೆಲ್ಲಿಸಿ, ಆ ಸೊಳ್ಳೆ ಮೊಟ್ಟೆಯಿಡಲು ಬಯಸುವುದು ಅಂಥ ಜಾಗವನ್ನೇ. ಗಾಳಿ ಜೋರಾಗಿರುವ ದಿನ ಹಳೆಯ ಮರಗಳ ಕೆಳಗೆ ನಿಲ್ಲಬೇಡಿ.

ಹೊರಗೆ ಹೋಗಲಾಗದ ದಿನ ಕಟ್ಟಡದ ಮೆಟ್ಟಿಲು, ಖಾಲಿ ವರಾಂಡ ಸಾಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಂದರಿಂದ ನಾಲ್ಕು ವರ್ಷದವರಿಗೆ ಹೇಳಿದ್ದು ದಿನಕ್ಕೆ ಕನಿಷ್ಠ 180 ನಿಮಿಷಗಳ ಚಲನೆ. ಅದು ದಿನವಿಡೀ ಹಂಚಿಕೊಂಡು ಬಂದರೂ ಆಗುತ್ತದೆ, ಎಲ್ಲವೂ ಮೈದಾನದಲ್ಲೇ ಆಗಬೇಕೆಂದಿಲ್ಲ.

ಪ್ರಶ್ನೆ: ಆಟದ ಸಲಕರಣೆಗಳು ಸುರಕ್ಷಿತವೇ ಎಂಬುದನ್ನು ಸಾಮಾನ್ಯರು ಹೇಗೆ ನೋಡಬೇಕು? ಕೆಟ್ಟಿದ್ದರೆ ಯಾರಿಗೆ ಹೇಳಬೇಕು?
ಒಬ್ಬ ಓದುಗರು, ವಡಾಲಾ

ಉತ್ತರ: ಮೊದಲು ನೆಲ ನೋಡಿ. ಆಟದ ಜಾಗದಲ್ಲಿ ಹೆಚ್ಚಿನ ಪೆಟ್ಟುಗಳು ಬೀಳುವುದರಿಂದ ಆಗುತ್ತವೆ, ನಮ್ಮ ಸೊಸೈಟಿಗಳಲ್ಲಿ ಹೊಳೆಯುವ ಹೊಸ ಜಾರುಬಂಡೆಯ ಕೆಳಗೆ ಪೇವರ್ ಬ್ಲಾಕ್ ಇರುವುದು ಅಪರೂಪವಲ್ಲ. ಕೆಳಗೆ ಮರಳು ಅಥವಾ ದಪ್ಪನೆಯ ರಬ್ಬರ್ ಹಾಸು ಇರಬೇಕು, ಅದು ಸಲಕರಣೆಯ ಸುತ್ತ ಆರು ಅಡಿಯವರೆಗೆ ಹರಡಿರಬೇಕು ಎಂದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಕೈಪಿಡಿ ಹೇಳುತ್ತದೆ. ಕಂಬಿಗಳ ನಡುವಿನ ಸಂದು 3.5 ಇಂಚಿಗೂ 9 ಇಂಚಿಗೂ ನಡುವಿನ ಅಳತೆಯದಾಗಿರಬಾರದೆಂಬುದೂ ಅದರಲ್ಲೇ ಇದೆ; ಅಂಥ ಸಂದಿನಲ್ಲಿ ಮಗುವಿನ ಮೈ ತೂರಿಹೋಗಿ ತಲೆ ಸಿಕ್ಕಿಕೊಳ್ಳುತ್ತದೆ. ಬಿಸಿಲಿದ್ದರೆ ಜಾರುಬಂಡೆಯನ್ನೂ ರಬ್ಬರ್ ನೆಲವನ್ನೂ ನಿಮ್ಮ ಹಿಂಗೈಯಿಂದ ಮುಟ್ಟಿ ನೋಡಿ.

ಸಲಕರಣೆಯಷ್ಟೇ ಮಗುವನ್ನೂ ನೋಡಿ. ಕೊರಳಿನ ಕರಿದಾರ, ತಾಯಿತ, ಚಿನ್ನದ ಸರ, ಟೊಪ್ಪಿಗೆಯ ಲಾಡಿ ಇವೆಲ್ಲ ಕಂಬಿಗೆ ಸಿಕ್ಕಿ ಕತ್ತು ಬಿಗಿಯಬಲ್ಲವು. ದೃಷ್ಟಿದಾರ ಬೇಕೇ ಬೇಕೆನ್ನುವ ಹಿರಿಯರಿದ್ದರೆ, ಆಟದ ಹೊತ್ತಿಗಾದರೂ ಅದನ್ನು ಕೊರಳಿನಿಂದ ಬಿಚ್ಚಿಡಲು ಅವರನ್ನು ಒಪ್ಪಿಸಿ.

ದೂರಿನ ವಿಷಯ ಸರಳ. ಪಾಲಿಕೆಯ ಗಾರ್ಡನ್ನಾದರೆ ವಾರ್ಡ್ ಕಚೇರಿಯ ಉದ್ಯಾನ ವಿಭಾಗಕ್ಕೆ ಬರೆಯಿರಿ ಅಥವಾ ಪಾಲಿಕೆಯ ಸಹಾಯವಾಣಿ 1916ಕ್ಕೆ ಕರೆ ಮಾಡಿ. ಸೊಸೈಟಿಯದಾದರೆ ಆಡಳಿತ ಸಮಿತಿಗೆ ಫೋಟೊ ಸಹಿತ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ದೂರು ಲಿಫ್ಟಿನಿಂದ ಹೊರಬರುವಷ್ಟರಲ್ಲಿ ಮರೆತುಹೋಗಿರುತ್ತದೆ.

ಪ್ರಶ್ನೆ: ಎರಡು ಮತ್ತು ಏಳು ವರ್ಷದ ಇಬ್ಬರನ್ನೂ ರವಿವಾರ ಎಲ್ಲಿಗೆ ಒಯ್ಯಬಹುದು?
ಒಬ್ಬ ತಾಯಿ, ಮಾಟುಂಗಾ

ಉತ್ತರ: ಮನೆಯ ಹತ್ತಿರವೇ ದಾದರ್ ಪಾರ್ಸಿ ಕಾಲನಿಯ ಫೈವ್ ಗಾರ್ಡನ್ಸ್ ಇರುವಾಗ ದೂರವೇಕೆ? ದೊಡ್ಡವನಿಗೆ ಓಡಲು ಬಯಲು ಬೇಕಿದ್ದರೆ ಶಿವಾಜಿ ಪಾರ್ಕ್ ಇದೆ, ಆದರೆ ಕ್ರಿಕೆಟ್ ಚೆಂಡುಗಳು ಹಾರುವ ಕಡೆಯಿಂದ ಚಿಕ್ಕವಳನ್ನು ದೂರವಿಡಿ. ಮಲಬಾರ್ ಹಿಲ್‌ನ ಕಮಲಾ ನೆಹರೂ ಪಾರ್ಕಿನ ಬೂಟಿನಾಕಾರದ ಮನೆ ಏಳು ವರ್ಷದವನಿಗೆ ಇಷ್ಟವಾದೀತು. ಭಾಯ್ಖಳಾದ ರಾಣಿ ಬಾಗ್ ಮೃಗಾಲಯ ನೋಡುವುದಿದ್ದರೆ ಬೆಳಿಗ್ಗೆಯೇ ಹೋಗಿ, ರವಿವಾರ ಅಲ್ಲಿ ಜನ ಬಹಳ. ಶಾಲೆಗೆ ರಜೆಯಿರುವ ವಾರದ ದಿನ ಸಿಕ್ಕರೆ ಇನ್ನೂ ಒಳ್ಳೆಯದು, ಬುಧವಾರವೊಂದನ್ನು ಬಿಟ್ಟು, ಏಕೆಂದರೆ ಅಂದು ಅದರ ಬಾಗಿಲು ಮುಚ್ಚಿರುತ್ತದೆ.