ಎರಡು ಗಾಲಿಯ ಕೈಗಾಡಿ ನಾಲ್ಕು ಗಾಲಿಯ ಟ್ರಾಲಿಯೂ ಆಗಬೇಕಾದರೆ ವಿನ್ಯಾಸವನ್ನು ಕೀಲಿನಿಂದ ಆರಂಭಿಸಿ

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ: ನಿಲ್ಲಿಸಿದಾಗ ಎರಡು ಗಾಲಿಯ ಕೈಗಾಡಿಯಾಗಿ, ಮಲಗಿಸಿದಾಗ ನಾಲ್ಕು ಗಾಲಿಯ ಟ್ರಾಲಿಯಾಗಿ ಬಳಸಬಹುದಾದ ಗಾಡಿಯೊಂದನ್ನು ನೀವೇ ವಿನ್ಯಾಸ ಮಾಡಿ ಕಟ್ಟಲು ಹೊರಟಿದ್ದೀರಿ. ನಿಲ್ಲಿಸಿದಾಗ 200 ಕೆಜಿ, ಮಲಗಿಸಿದಾಗ 300 ಕೆಜಿ ಹೊರಬೇಕು. ಚೌಕಟ್ಟಿನ ಚಿತ್ರ ಸಿದ್ಧವಿದೆ. ಯಾವ ಪೈಪು, ಯಾವ ಗಾಲಿ ಎಂಬುದಷ್ಟೇ ತೀರ್ಮಾನವಾಗಬೇಕಿದೆ. ಪೈಪು ಮತ್ತು ಗಾಲಿಯ ವಿಚಾರವನ್ನು ಮುಂದೆ ಬರೆದಿದ್ದೇನೆ. ಆದರೆ ಅದಕ್ಕೂ ಮೊದಲು, ನಿಮ್ಮ ಚಿತ್ರದಲ್ಲಿ ಒಂದು ಚುಕ್ಕೆಯಾಗಿ ಮಾತ್ರ ಕಾಣುತ್ತಿರಬಹುದಾದ ಕೀಲಿನ ಬಗ್ಗೆ, ಅಂದರೆ ಸ್ಥಿತಿ ಬದಲಿಸುವಾಗ ಹಿಡಿ ತಿರುಗುವ ಜಾಗದ ಬಗ್ಗೆ, ಹೇಳಲೇಬೇಕು. ಇಂಥ ಗಾಡಿಗಳನ್ನು ನಾನು ಕಟ್ಟಿದ್ದೇನೆ, ಬೇರೆಯವರು ಕಟ್ಟಿದ್ದನ್ನು ದುರಸ್ತಿಯನ್ನೂ ಮಾಡಿದ್ದೇನೆ. ನನ್ನ ಕೈಗೆ ಬಂದ ಗಾಡಿಗಳಲ್ಲಿ ಚೌಕಟ್ಟು ಮುರಿದದ್ದು ಅಪರೂಪ. ಕೆಟ್ಟದ್ದು ಸಾಮಾನ್ಯವಾಗಿ ಕೀಲು.

ಕಾರಣವನ್ನು ಲೆಕ್ಕ ಹಾಕಿ ನೋಡೋಣ. ಹಿಡಿಯು ಕೀಲಿನಿಂದ 40 ಸೆಂ.ಮೀ. ಮೇಲಕ್ಕೆ ಚಾಚಿದೆ, ಹಿಡಿಯನ್ನು ಹಿಡಿದು ನಿಲ್ಲಿಸುವ ಪಿನ್ ಕೀಲಿನ ತಿರುಗುಣಿಯಿಂದ 5 ಸೆಂ.ಮೀ. ದೂರದಲ್ಲಿದೆ ಎಂದುಕೊಳ್ಳಿ. ನೀವು ಕೈಯಿಂದ ಎಳೆಯುವ ಪ್ರತಿ 1 ಕೆಜಿ ಬಲವೂ ಪಿನ್ನಿನ ಮೇಲೆ 8 ಕೆಜಿಯಾಗಿ ಬೀಳುತ್ತದೆ. ಭಾರ ಹೊತ್ತ ಗಾಡಿಯನ್ನು ಹಿಂದಕ್ಕೆ ಬಗ್ಗಿಸಲು 40 ಕೆಜಿಯಷ್ಟು ಬಲ ಹಾಕಿದರೆ ಪಿನ್ನಿಗೆ 320 ಕೆಜಿ. ಮಲಗಿಸಿದ ಸ್ಥಿತಿ ಇದಕ್ಕಿಂತ ಕಠಿಣ. 12 ಅಡಿಗೆ 1 ಅಡಿ ಏರುವ ಇಳಿಜಾರಿನಲ್ಲಿ 300 ಕೆಜಿಯ ಭಾರವನ್ನು ಮೇಲಕ್ಕೆ ತಳ್ಳಲು, ಗಾಲಿಗಳ ತಡೆಯನ್ನು ಬಿಟ್ಟರೂ, 25 ಕೆಜಿಯಷ್ಟು ಬಲ ಬೇಕು. ಆಗ ತಳ್ಳಲು ಅನುಕೂಲವಾಗಲೆಂದು ಹಿಡಿಯನ್ನು ಉದ್ದಕ್ಕೆ ಎಳೆದು ಚೌಕಟ್ಟಿನ ಮೇಲೆ 80 ಸೆಂ.ಮೀ. ನೆಟ್ಟಗೆ ನಿಲ್ಲಿಸಿದ್ದೀರಿ ಎಂದುಕೊಂಡರೆ ಅದೇ ಪಿನ್ನಿಗೆ 400 ಕೆಜಿ ಬೀಳುತ್ತದೆ. ಹೊಸ್ತಿಲನ್ನು ದಾಟುವಾಗಿನ ಕುಲುಕಾಟವನ್ನು ಇನ್ನೂ ಸೇರಿಸಿಲ್ಲ. ನಿಧಾನವಾಗಿ ಏರುವ ಭಾರಕ್ಕೆ ಹೋಲಿಸಿದರೆ ಒಮ್ಮೆಲೇ ಬೀಳುವ ಅದೇ ಭಾರ ಎರಡು ಪಟ್ಟು ಒತ್ತಡ ಉಂಟುಮಾಡುತ್ತದೆ.

ಪಿನ್ನನ್ನು ತಿರುಗುಣಿಯಿಂದ 5 ಸೆಂ.ಮೀ. ಬದಲು 15 ಸೆಂ.ಮೀ. ದೂರದಲ್ಲಿಟ್ಟರೆ ಈ ಎಲ್ಲ ಅಂಕಿಗಳೂ ಮೂರನೇ ಒಂದು ಭಾಗಕ್ಕೆ ಇಳಿಯುತ್ತವೆ. ಸಡಿಲಿನ ಲೆಕ್ಕವೂ ಹೀಗೆಯೇ. ಪಿನ್ನಿಗೂ ಅದರ ತೂತಿಗೂ ನಡುವೆ 1 ಮಿ.ಮೀ. ಸಡಿಲವಿದ್ದರೆ, ಪಿನ್ 5 ಸೆಂ.ಮೀ. ದೂರದಲ್ಲಿದ್ದಾಗ 80 ಸೆಂ.ಮೀ. ಎತ್ತರದ ಹಿಡಿಯ ತುದಿ 16 ಮಿ.ಮೀ. ಅಲ್ಲಾಡುತ್ತದೆ; 15 ಸೆಂ.ಮೀ. ದೂರದಲ್ಲಿದ್ದರೆ 5 ಮಿ.ಮೀ. ಮಾತ್ರ. ಹಿಡಿ ಅಲ್ಲಾಡಿದಷ್ಟೂ ತೂತು ಮೊಟ್ಟೆಯಾಕಾರಕ್ಕೆ ಸವೆಯುತ್ತದೆ, ತೂತು ಸವೆದಷ್ಟೂ ಹಿಡಿ ಇನ್ನಷ್ಟು ಅಲ್ಲಾಡುತ್ತದೆ. ಒಮ್ಮೆ ಶುರುವಾದ ಈ ಸವೆತ ತಾನಾಗಿ ನಿಲ್ಲುವುದಿಲ್ಲ.

ಆದರೆ ಪಿನ್ನನ್ನು ದೂರವಿಡುವುದಕ್ಕಿಂತಲೂ ಮುಖ್ಯವಾದ ಇನ್ನೊಂದು ಉಪಾಯವಿದೆ, ಮತ್ತು ನನ್ನ ಉತ್ತರದ ತಿರುಳು ಅದೇ. ಹಿಡಿ ಚಲಿಸುವ ದಿಕ್ಕನ್ನು ಗಮನಿಸಿ. ನಿಂತ ಸ್ಥಿತಿಯಲ್ಲಿ ಅದು ಚೌಕಟ್ಟಿನ ನೇರಕ್ಕೆ ಇರುತ್ತದೆ. ಮಲಗಿಸಿದಾಗ ಭಾರ ಕೂರುವ ಮುಖದ ಕಡೆಗೆ 90 ಡಿಗ್ರಿ ತಿರುಗಿ ನೆಟ್ಟಗೆ ನಿಲ್ಲುತ್ತದೆ. ನಿಂತ ಗಾಡಿಯನ್ನು ಬಗ್ಗಿಸಲು ಹಿಂದಕ್ಕೆ ಎಳೆದಾಗ ಹಿಡಿಯು ಭಾರದ ಮುಖದಿಂದ ದೂರಕ್ಕೆ ತಿರುಗಲು ಯತ್ನಿಸುತ್ತದೆ, ಅಂದರೆ ತನ್ನ ಚಲನೆಯ ಒಂದು ಕೊನೆಯನ್ನು ದಾಟಲು ಯತ್ನಿಸುತ್ತದೆ. ಮಲಗಿದ ಗಾಡಿಯನ್ನು ಮುಂದಕ್ಕೆ ತಳ್ಳಿದಾಗ 90 ಡಿಗ್ರಿಯ ಆಚೆಗೆ, ಅಂದರೆ ಇನ್ನೊಂದು ಕೊನೆಯನ್ನು ದಾಟಲು ಯತ್ನಿಸುತ್ತದೆ. ಎರಡೂ ಸ್ಥಿತಿಗಳಲ್ಲಿ ಅತಿ ದೊಡ್ಡ ಬಲ ಬೀಳುವುದು ಚಲನೆಯ ಕೊನೆಯ ದಿಕ್ಕಿನಲ್ಲೇ. ಆದ್ದರಿಂದ ಎರಡೂ ಕೊನೆಗಳಲ್ಲಿ ಬೆಸುಗೆ ಹಾಕಿದ ಗಟ್ಟಿ ಸ್ಟಾಪರ್‌ಗಳನ್ನು ಕೊಟ್ಟು, ಪಿನ್ನಿಗೆ ಬಲ ಮುಟ್ಟುವ ಮೊದಲೇ ಹಿಡಿಯ ಪೈಪು ಆ ಸ್ಟಾಪರ್‌ಗೆ ಅಗಲವಾಗಿ ಒರಗುವಂತೆ ಮಾಡಿದರೆ, ಬಗ್ಗಿಸುವ ಬಲವೂ ತಳ್ಳುವ ಬಲವೂ ಪಿನ್ನಿನ ತಂಟೆಗೆ ಹೋಗದೆ ನೇರವಾಗಿ ಚೌಕಟ್ಟಿಗೆ ಇಳಿಯುತ್ತವೆ. ಪಿನ್ನಿಗೆ ಉಳಿಯುವುದು ಹಿಡಿ ಹಿಮ್ಮುಖವಾಗಿ ತಿರುಗದಂತೆ ತಡೆಯುವ ಕೆಲಸ ಮಾತ್ರ.

ಹಾಗೆಂದು ಪಿನ್ ನೆಪಮಾತ್ರಕ್ಕಿದ್ದರೆ ಸಾಕೆಂದು ತಿಳಿಯಬೇಡಿ. ಗಾಡಿಯನ್ನು ಬಗ್ಗಿಸಿಕೊಂಡು ನಡೆಯುವಾಗ ನಿಮ್ಮ ಕೈಗಳು ಹಿಡಿಯನ್ನು ಕೆಳಗಿನಿಂದ ಮೇಲಕ್ಕೆ ಎತ್ತಿ ಹಿಡಿದಿರುತ್ತವೆ, ಮತ್ತು ಆ ಬಲದ ಒಂದು ಪಾಲು ಹಿಡಿಯನ್ನು ಭಾರದ ಮುಖದ ಕಡೆಗೇ ಮಡಚಲು ನೋಡುತ್ತದೆ. ಅಲ್ಲಿ ಸ್ಟಾಪರ್ ಇಲ್ಲ, ತಡೆಯುವುದು ಪಿನ್ ಒಂದೇ. ನಾನು ಮೊದಲು ಕಟ್ಟಿದ ಗಾಡಿಯಲ್ಲಿ ಪಿನ್ನಿನ ಸ್ಪ್ರಿಂಗ್ ಬಲಹೀನವಾಗಿತ್ತು. ತೂತಿನ ಅಂಚಿಗೆ ಸೇರಿಕೊಂಡಿದ್ದ ಬಣ್ಣದ ಪದರದಿಂದಾಗಿ ಪಿನ್ ಪೂರ್ತಿ ಒಳಗೆ ಹೋಗದೆ ಅರ್ಧದಲ್ಲೇ ನಿಂತಿತ್ತು, ಅದು ನನಗೆ ಕಾಣಲಿಲ್ಲ. ಬಾಗಿಲ ಹೊಸ್ತಿಲ ಮೇಲೆ ಗಾಲಿ ಇಳಿದ ಒಂದೇ ಕುಲುಕಿಗೆ ಪಿನ್ ಹಾರಿ, ಹಿಡಿ ಮಡಚಿಕೊಂಡು, ಭಾರವೆಲ್ಲ ನನ್ನ ಹೆಗಲಿನ ಮೇಲೆ ಬಂತು. ಪಕ್ಕದಲ್ಲಿ ಇನ್ನೊಬ್ಬರು ಇದ್ದುದರಿಂದ ದೊಡ್ಡ ಅನಾಹುತ ತಪ್ಪಿತು. ಅಂದಿನಿಂದ ನಾನು ಪಿನ್ನಿನ ಕತ್ತಿನ ಸುತ್ತ ಒಂದು ಕೆಂಪು ಪಟ್ಟಿ ಬಳಿಯುತ್ತೇನೆ. ಪಿನ್ ಪೂರ್ತಿ ಕೂತಾಗ ಪಟ್ಟಿ ಮರೆಯಾಗಬೇಕು. ಕೆಂಪು ಕಾಣುತ್ತಿದ್ದರೆ ಭಾರ ಹೇರುವುದಿಲ್ಲ. ಪಿನ್ನಿಗೆ 12 ಮಿ.ಮೀ. ವ್ಯಾಸವಿರಲಿ. ಅದು ಒಂದೇ ತಟ್ಟೆಯ ತೂತಿನಲ್ಲಿ ತೂಗದೆ ಎರಡು ಬದಿಯ ತಟ್ಟೆಗಳಲ್ಲೂ ಆಧಾರ ಪಡೆಯಲಿ. ಸಡಿಲು ಹೋಗಲೆಂದು ಪಿನ್ನಿನ ತುದಿಯನ್ನು ಓರೆಯಾಗಿ ಕಡೆಸುವವರಿದ್ದಾರೆ; ಓರೆ ಹೆಚ್ಚಾದರೆ ಪಕ್ಕದ ಒತ್ತಡವೇ ಪಿನ್ನನ್ನು ಹೊರಕ್ಕೆ ನೂಕುವುದರಿಂದ, ಭಾರ ಹೊರುವ ಭಾಗ ನೇರವಾಗಿಯೇ ಇರಲಿ. ಪಿನ್ ಎಳೆಯುವ ಗುಂಡಿಯನ್ನು ಮಾತ್ರ ಹಿಡಿ ಮಡಚಿಕೊಳ್ಳುವ ಜಾಗದಿಂದ ಒಂದು ಗೇಣಾದರೂ ದೂರವಿಡಿ, ಕತ್ತರಿಯಂತೆ ಮುಚ್ಚಿಕೊಳ್ಳುವ ಆ ಮೂಲೆಯಲ್ಲಿ ಬೆರಳು ಸಿಕ್ಕಿದರೆ ಉಳಿಯುವುದಿಲ್ಲ.

ಈಗ ಗಾಲಿಗಳ ಅಚ್ಚಿನ (ಆಕ್ಸಲ್) ಸ್ಥಾನ. 200 ಕೆಜಿಯ ಭಾರದ ಗುರುತ್ವ ಕೇಂದ್ರ ಅಚ್ಚಿಗಿಂತ 25 ಸೆಂ.ಮೀ. ಮುಂದೆ, 47 ಸೆಂ.ಮೀ. ಮೇಲೆ ಇದೆಯೆಂದೂ, ಹಿಡಿಯು ಅಚ್ಚಿನಿಂದ 120 ಸೆಂ.ಮೀ. ಎತ್ತರದಲ್ಲಿದೆಯೆಂದೂ ಇಟ್ಟುಕೊಂಡರೆ, ಮೊದಲಿಗೆ ಬಗ್ಗಿಸಲು ಬೇಕಾಗುವ ಬಲ 200ನ್ನು 25ರಿಂದ ಗುಣಿಸಿ 120ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 42 ಕೆಜಿ. ಗಾಡಿ ಹಿಂದಕ್ಕೆ ಉರುಳದಂತೆ ಅಚ್ಚಿನ ಮೇಲೆ ಒಂದು ಕಾಲಿಟ್ಟುಕೊಂಡೇ ಈ ಬಲ ಹಾಕಬೇಕಾಗುತ್ತದೆ, ಆದ್ದರಿಂದ ಅಚ್ಚಿನ ನಡುಭಾಗದಲ್ಲಿ ಪಾದಕ್ಕೆ ಜಾಗ ಬಿಡಿ. ಸುಮಾರು 28 ಡಿಗ್ರಿ ಬಾಗಿದಾಗ ಗುರುತ್ವ ಕೇಂದ್ರ ಅಚ್ಚಿನ ನೇರ ಮೇಲಕ್ಕೆ ಬಂದು ಕೈಗೆ ಭಾರವೇ ಇರುವುದಿಲ್ಲ. 40 ಡಿಗ್ರಿಗೆ ಬಾಗಿಸಿ ನಡೆದರೆ 30 ಕೆಜಿಯಷ್ಟು ಕೈಮೇಲೆ ಕೂರುತ್ತದೆ. ಬಗ್ಗಿಸುವುದು ಹಗುರವಾಗಲೆಂದು ಅಚ್ಚನ್ನು 10 ಸೆಂ.ಮೀ. ಮುಂದೆ ತಂದರೆ ಆರಂಭದ ಬಲ 25 ಕೆಜಿಗೆ ಇಳಿಯುತ್ತದೆ, ನಿಜ. ಆದರೆ ಸಮತೋಲದ ಕೋನ 18 ಡಿಗ್ರಿಯ ಆಸುಪಾಸಿಗೆ ಕುಗ್ಗಿ, 40 ಡಿಗ್ರಿಯಲ್ಲಿ ಕೈಗೆ ಬೀಳುವ ಭಾರ 50 ಕೆಜಿಯ ಹತ್ತಿರ ಹೋಗುತ್ತದೆ. ಒಂದು ಕ್ಷಣದ ಬಲವನ್ನು ಉಳಿಸಲು ಹೋಗಿ ದಾರಿಯುದ್ದಕ್ಕೂ ಭಾರ ಹೊರುವುದು ನನಗೆ ಸರಿಯೆನಿಸುವುದಿಲ್ಲ. ಅಚ್ಚು ಹಿಂದೆಯೇ ಇರಲಿ. ಬಗ್ಗಿಸುವಾಗ ಇನ್ನೊಬ್ಬರು ಭಾರದ ಮೇಲ್ಭಾಗವನ್ನು ನೂಕಲಿ.

ಎರಡು ಕೈಯಿಂದ ಎತ್ತುವ ಕೆಲಸಕ್ಕೆ ಅಮೆರಿಕದ ಉದ್ಯೋಗ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯಾದ ನಯೋಶ್‌ನ (NIOSH) 1991ರ ಪರಿಷ್ಕೃತ ಸೂತ್ರವು, ಎಲ್ಲ ಅನುಕೂಲಗಳೂ ಕೂಡಿಬಂದಾಗಲೂ 23 ಕೆಜಿಯನ್ನೇ ಮೇಲ್ಮಿತಿಯಾಗಿ ಇಟ್ಟುಕೊಂಡಿದೆ. ಆ ಅಳತೆಗೋಲನ್ನು ಹಿಡಿದರೆ 30 ಕೆಜಿಯನ್ನು ಕೈಯಲ್ಲಿ ಹೊತ್ತು ದೂರ ನಡೆಯುವುದು ಹೆಚ್ಚೇ ಆಯಿತು. ಈ ಕಾರಣಕ್ಕಾಗಿಯೇ ಕೆಲವು ಗಾಡಿಗಳಲ್ಲಿ ಮೂರನೆಯ ಸ್ಥಿತಿಯೊಂದಿರುತ್ತದೆ: 45 ಡಿಗ್ರಿ ಬಾಗಿದಾಗ ಹಿಂದಿನಿಂದ ಮಡಚಿ ಇಳಿಯುವ ಪುಟ್ಟ ಗಾಲಿಗಳು ನೆಲ ಮುಟ್ಟಿ ಭಾರವನ್ನು ತಾವೇ ಹೊರುತ್ತವೆ. ನೀವು ಇದನ್ನು ಸೇರಿಸುವುದಾದರೆ ಆ ಗಾಲಿಗಳು ಅಚ್ಚಿನಿಂದ ಎಷ್ಟು ಹಿಂದಿರಬೇಕೆಂಬುದನ್ನು ಎತ್ತರದ ಭಾರಕ್ಕೆ ಲೆಕ್ಕ ಹಾಕಿ. ಗುರುತ್ವ ಕೇಂದ್ರ ಅಚ್ಚಿನಿಂದ 80 ಸೆಂ.ಮೀ. ಮೇಲಿದ್ದರೆ 45 ಡಿಗ್ರಿಯಲ್ಲಿ ಅದು ಅಚ್ಚಿನ ಹಿಂದೆ 39 ಸೆಂ.ಮೀ. ದೂರಕ್ಕೆ ಬರುತ್ತದೆ, ಗಾಲಿಗಳು 55 ಸೆಂ.ಮೀ. ಆದರೂ ಹಿಂದಿರದಿದ್ದರೆ ಗಾಡಿ ನಿಮ್ಮ ಮೇಲೆಯೇ ಒರಗಲು ಬರುತ್ತದೆ.

ಪೈಪಿನ ವಿಚಾರಕ್ಕೆ ಬಂದರೆ, ಚೌಕಟ್ಟಿಗೆ ಕಠಿಣ ಪರೀಕ್ಷೆ ಮಲಗಿದ ಸ್ಥಿತಿಯೇ, ಏಕೆಂದರೆ ಆಗ ಅದು ಎರಡು ತುದಿಗಳಲ್ಲಿ ಮಾತ್ರ ಆಧಾರವಿರುವ ತೊಲೆಯಾಗುತ್ತದೆ. ಗಾಲಿಗಳ ನಡುವೆ 1 ಮೀಟರ್ ಅಂತರವಿದ್ದು, 300 ಕೆಜಿ ಸಮನಾಗಿ ಹರಡಿದ್ದರೆ, 25 ಮಿ.ಮೀ. ವ್ಯಾಸದ, 2 ಮಿ.ಮೀ. ದಪ್ಪದ ಎರಡು ಉಕ್ಕಿನ ಪೈಪುಗಳಲ್ಲಿ ಒತ್ತಡ ಸುಮಾರು 240 ಮೆಗಾಪಾಸ್ಕಲ್ ಆಗುತ್ತದೆ. ಸಾಮಾನ್ಯ ಮೈಲ್ಡ್ ಸ್ಟೀಲ್ 250ರ ಆಸುಪಾಸಿನಲ್ಲಿ ಮತ್ತೆ ನೇರವಾಗದಂತೆ ಬಾಗಿಬಿಡುತ್ತದೆ. ಅಂದರೆ ಉಳಿಕೆ ಏನೂ ಇಲ್ಲ. 38 ಮಿ.ಮೀ. ವ್ಯಾಸ, 2.5 ಮಿ.ಮೀ. ದಪ್ಪದ ಪೈಪಿನಲ್ಲಿ ಅದೇ ಒತ್ತಡ 80ಕ್ಕೆ ಇಳಿಯುತ್ತದೆ, ಮತ್ತು ಭಾರವೆಲ್ಲ ನಡುವಿನಲ್ಲೇ ಕೂತರೂ 160 ದಾಟುವುದಿಲ್ಲ. ನನ್ನ ಆಯ್ಕೆ ಇದೇ. ಅಲ್ಯೂಮಿನಿಯಂ ಹಗುರವೆಂಬುದು ನಿಜವಾದರೂ ಅದೇ ಅಳತೆಯ ಪೈಪು ಉಕ್ಕಿಗಿಂತ ಮೂರು ಪಟ್ಟು ಬಗ್ಗುತ್ತದೆ: ಇಲ್ಲಿ ಉಕ್ಕು 2 ಮಿ.ಮೀ. ಬಗ್ಗಿದರೆ ಅದು 6 ಮಿ.ಮೀ. ಬಗ್ಗುತ್ತದೆ. ಬೆಸುಗೆ ಹಾಕಿದ ಜಾಗದ ಸುತ್ತ, ಶಾಖ ಕೊಟ್ಟು ಬಲಪಡಿಸಿದ ಅಲ್ಯೂಮಿನಿಯಂ ತನ್ನ ಬಲದ ದೊಡ್ಡ ಪಾಲನ್ನೇ ಕಳೆದುಕೊಳ್ಳುತ್ತದೆ. ಮೊದಲ ಗಾಡಿಗೆ ಉಕ್ಕೇ ಇರಲಿ. ಪೈಪಿನಲ್ಲಿ ತೂತು ಕೊರೆಯಲೇಬೇಕಾದಲ್ಲಿ ಮಲಗಿದ ಸ್ಥಿತಿಯ ಮೇಲ್ಭಾಗ, ಕೆಳಭಾಗಗಳನ್ನು ಬಿಟ್ಟು ಪಕ್ಕದಿಂದ ಪಕ್ಕಕ್ಕೆ ಕೊರೆಯಿರಿ. ಬಾಗುವಿಕೆಯ ಒತ್ತಡ ಅತಿ ಕಡಿಮೆಯಿರುವುದು ಅಲ್ಲಿ.

ಅಡಿತಟ್ಟೆಗೆ 6 ಮಿ.ಮೀ. ದಪ್ಪ ಸಾಕು, ಮುಂದಿನ ಅಂಚನ್ನು ಓರೆಯಾಗಿ ಉಜ್ಜಿಸಿದರೆ ಭಾರದಡಿ ಸುಲಭವಾಗಿ ನುಗ್ಗುತ್ತದೆ.

ಗಾಲಿಗಳಲ್ಲಿ ವ್ಯಾಸವೇ ಮುಖ್ಯ. 2 ಸೆಂ.ಮೀ. ಎತ್ತರದ ಹೊಸ್ತಿಲನ್ನು ಹತ್ತಲು 25 ಸೆಂ.ಮೀ. ವ್ಯಾಸದ ಗಾಲಿಗೆ ಅದರ ಮೇಲಿರುವ ಭಾರದ ಸುಮಾರು 0.65 ಪಟ್ಟು ಬಲ ಸಾಕು, 10 ಸೆಂ.ಮೀ. ವ್ಯಾಸದ ಕ್ಯಾಸ್ಟರಿಗೆ (ಯಾವ ದಿಕ್ಕಿಗೂ ತಿರುಗುವ ಪುಟ್ಟ ಗಾಲಿಗೆ) ಭಾರಕ್ಕಿಂತಲೂ ಹೆಚ್ಚು, 1.33 ಪಟ್ಟು ಬೇಕು. ಆದ್ದರಿಂದ ಅಚ್ಚಿನ ಗಾಲಿಗಳು 25 ಸೆಂ.ಮೀ. ಇರಲಿ, ತಿರುಗುವ ಕ್ಯಾಸ್ಟರ್‌ಗಳು 12.5 ಸೆಂ.ಮೀ.ಗಿಂತ ಕಡಿಮೆಯಾಗದಿರಲಿ. ತಿರುಗುವ ಗಾಲಿಗಳು ಹಿಡಿಯ ಬದಿಯಲ್ಲಿರುವುದರಿಂದ ತಳ್ಳುವವರು ನಿಂತಲ್ಲಿಂದಲೇ ಗಾಡಿಯ ದಿಕ್ಕು ಬದಲಿಸಬಹುದು. ಗಾಲಿಯ ಸಾಮರ್ಥ್ಯವನ್ನು ಒಟ್ಟು ಭಾರವನ್ನು ನಾಲ್ಕರಿಂದಲ್ಲ, ಮೂರರಿಂದ ಭಾಗಿಸಿ ನಿರ್ಧರಿಸಿ; ನೆಲ ಸಮತಟ್ಟಾಗಿರದಿದ್ದಾಗ ಒಂದು ಗಾಲಿ ಗಾಳಿಯಲ್ಲಿ ತೇಲುತ್ತಿರುತ್ತದೆ. 300 ಕೆಜಿಗೆ ಗಾಲಿಯೊಂದಕ್ಕೆ 100 ಕೆಜಿ ಎಂದು ಲೆಕ್ಕ. ಗಾಳಿ ತುಂಬುವ ಟೈರು ಮೆತ್ತಗೆ ಹೋಗುತ್ತದೆಯಾದರೂ ಒಂದರಲ್ಲಿ ಗಾಳಿ ಕಡಿಮೆಯಾದರೆ ಎತ್ತರದ ಭಾರ ಪಕ್ಕಕ್ಕೆ ವಾಲುತ್ತದೆ. ಪಂಕ್ಚರ್ ಆಗದ ಫೋಮ್ ತುಂಬಿದ ಗಾಲಿಯನ್ನೇ ನಾನು ಬಳಸುತ್ತೇನೆ.

ಉಕ್ಕು ಕತ್ತರಿಸುವ ಮೊದಲು ಕೀಲಿನ ಭಾಗವನ್ನಷ್ಟೇ ಪ್ಲೈವುಡ್‌ನಲ್ಲಿ ನಿಜವಾದ ಅಳತೆಗೆ ಕತ್ತರಿಸಿ, ಒಂದು ಬೋಲ್ಟಿನ ಮೇಲೆ ತಿರುಗಿಸಿ ನೋಡಿ. ಹಿಡಿ ಎರಡೂ ಸ್ಟಾಪರ್‌ಗಳಿಗೆ ಒರಗಿದಾಗ ಪಿನ್ನಿನ ತೂತುಗಳು ಒಂದರ ಮೇಲೊಂದು ಕೂರುತ್ತವೆಯೇ ಎಂಬುದು ಕಾಗದದ ಮೇಲಿಗಿಂತ ಇಲ್ಲಿ ಸ್ಪಷ್ಟವಾಗಿ ತಿಳಿಯುತ್ತದೆ. ಗಾಡಿ ಸಿದ್ಧವಾದ ಮೇಲೆ ಅದನ್ನು ಮಲಗಿಸಿ, ಪಕ್ಕದ ಪೈಪಿನ ಉದ್ದಕ್ಕೂ ಒಂದು ದಾರವನ್ನು ಬಿಗಿಯಾಗಿ ಕಟ್ಟಿ, ನಡುವಿನಲ್ಲಿ ದಾರಕ್ಕೂ ಪೈಪಿಗೂ ಇರುವ ಅಂತರವನ್ನು ಬರೆದಿಟ್ಟುಕೊಳ್ಳಿ. ಮರಳಿನ ಚೀಲಗಳನ್ನು ಒಂದೊಂದಾಗಿ ಹೇರುತ್ತ 375 ಕೆಜಿಗೆ ತಂದು, ಒಂದು ರಾತ್ರಿ ಹಾಗೆಯೇ ಬಿಟ್ಟು, ಬೆಳಗ್ಗೆ ಎಲ್ಲವನ್ನೂ ಇಳಿಸಿ ಅಂತರವನ್ನು ಮತ್ತೆ ಅಳೆಯಿರಿ. ಅದು ಮೊದಲಿನ ಅಳತೆಗೇ ಮರಳಿದ್ದರೆ ಚೌಕಟ್ಟು ತಡೆದಿದೆ. ಮರಳದಿದ್ದರೆ ಪೈಪು ಬಾಗಿದೆ, ಅದನ್ನು ಬದಲಿಸಬೇಕು. ಆಮೇಲೆ ಭಾರ ಹೇರಿದ ಗಾಡಿಯನ್ನು ಎರಡೂ ಸ್ಥಿತಿಗಳಲ್ಲಿ ಬಗ್ಗಿಸಿ, ತಳ್ಳಿ ನೋಡಿ, ಭಾರ ಇಳಿಸಿದ ಮೇಲೆ ಕೀಲನ್ನು ಬಿಚ್ಚಿ, ಪಿನ್ನನ್ನು ಗಾಜಿನ ಹಲಗೆಯ ಮೇಲೆ ಉರುಳಿಸಿ ನೋಡಿ. ಕೂದಲೆಳೆಯಷ್ಟು ಬಾಗಿದ್ದರೂ ಅದು ಕುಂಟುತ್ತ ಉರುಳುತ್ತದೆ, ಮತ್ತು ಹಾಗೆ ಉರುಳಿದರೆ ಸ್ಟಾಪರ್‌ಗಿಂತ ಮೊದಲು ಪಿನ್ನೇ ಭಾರ ತೆಗೆದುಕೊಳ್ಳುತ್ತಿದೆ ಎಂದು ಅರ್ಥ. ಪಿನ್ನನ್ನು ಬದಲಿಸಿ, ಸ್ಟಾಪರ್‌ನ ಮುಖಕ್ಕೆ ತೆಳುವಾದ ಉಕ್ಕಿನ ಪಟ್ಟಿಯೊಂದನ್ನು ಬೆಸೆದು ಅದನ್ನು ಹಿಡಿಯ ಪೈಪಿನ ಹತ್ತಿರಕ್ಕೆ ತನ್ನಿ.